ಹೊಡೆದುಹಾಕಿದ ಒಂದು ವಾಕ್ಯ

ತಿಪಟೂರಿನ ಕಥಾ ಕಮ್ಮಟಕ್ಕೆ ಪಾಠ ಹೇಳಲು ಬಂದಿದ್ದ ಆ ಮಹಾಶಯರ ಮೇಲೆ ನನಗೆ ಇವತ್ತಿಗೂ ಕೋಪ ಆರಿಲ್ಲ. ನನ್ನ ಕಥೆಯ ಒಂದೇ ಒಂದು ವಾಕ್ಯದ ಮೇಲೆ ಕೆಂಪು ಗೀರು ಎಳೆದರು. "ದೊಡ್ಡಪ್ಪ ಅಮ್ಮನ ಪಾಲಿನ ತೋಟ ನುಂಗಿ, ಅವಳನ್ನೇ ಅಲ್ಲಿ ಆಳಾಗಿ ದುಡಿಸಿಕೊಂಡ" ಎಂಬ ವಾಕ್ಯ. "ಇದನ್ನೆಲ್ಲ ಹೇಳ್ಬಾರ್ದಮ್ಮ, ತೋರಿಸ್ಬೇಕು. ಓದುಗರು ದಡ್ಡರಲ್ಲ" ಎಂದರು. ದಡ್ಡರಲ್ಲ, ನಿಜ. ಆದರೆ ನನ್ನ ಓದುಗರು ತೆಂಗಿನ ಸೀಮೆಯವರು ಎಂಬುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಸರಿ, ಆ ವಾಕ್ಯ ತೆಗೆದು ತೋರಿಸಿದೆ. ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿ, ಅಂಗಳದಲ್ಲಿ ಬೆಳಗಿನಿಂದ ಕೂತು ಅದನ್ನು ಸುಲಿಯುವ ವಿಧವೆ, ಅವಳ ಸೀಳಿದ ಅಂಗೈ. ಅಂಗೈಯನ್ನು ಚೆನ್ನಾಗಿಯೇ ಬರೆದಿದ್ದೆ, ಸುಳ್ಳು ವಿನಯ ಯಾಕೆ. ಕಥೆ ಪತ್ರಿಕೆಯಲ್ಲಿ ಬಂತು. ನಮ್ಮ ಕಡೆ ಅಟ್ಟ ತುಂಬಿದೆ ಎಂದರೆ ಆ ಮನೆಗೆ ಯಾವ ಕೊರತೆಯೂ ಇಲ್ಲ ಎಂದರ್ಥ. ಓದಿದವರಿಗೆಲ್ಲ ಕಂಡದ್ದು ಅಟ್ಟ, ಅಂಗೈಯಲ್ಲ.

ಶೆಟ್ಟಿಕೆರೆಯಲ್ಲಿ ನೆಂಟರ ಮನೆಯ ನಾಮಕರಣ. ದೊಡ್ಡಪ್ಪ ಆ ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ, "ನಮ್ ತಮ್ಮನ್ ಮಗ್ಳು ನಮ್ಮನೆ ವೈಭೋಗನೇ ಬರ್ದವ್ಳೆ ಕಣ್ರಪ್ಪ. ಗಂಡ ಸತ್ತೋಳ್ನ ನಾನು ಕೈ ಬುಡ್ಲಿಲ್ಲ, ಕೆಲ್ಸ ಕೊಟ್ಟು ಸಾಕ್ದೆ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಇವನು ಯಾಕೆ ಮುಟ್ಟಿಕೊಂಡಾನು? ಕಳ್ಳ ಎಂದು ನಾನು ಬರೆದಿರಲೇ ಇಲ್ಲವಲ್ಲ.

ಪಕ್ಕದ ಎಲೆಯಲ್ಲಿದ್ದ ಅಮ್ಮ ಮೆಲ್ಲಗೆ ಕೇಳಿದಳು. "ನನ್ ತೋಟ ತಿಂದ ಅಂತ ಎಲ್ಲೇ ಬರ್ದಿದೀಯಾ?"

"ಓದಿದ್ರೆ ಅರ್ಥ ಆಗುತ್ತಮ್ಮ."

"ಯಾರಿಗಾಯ್ತು? ಇನ್ನು ನಾನು ಸತ್ತ್ ಮೇಲೂ ಅವ್ನು ನನ್ನ ಸಾಕ್ದೋನೇ."

ಕಥೆಗಾರ್ತಿ ಎನ್ನಿಸಿಕೊಳ್ಳುವ ಆಸೆಗೆ ಅಮ್ಮನ ನ್ಯಾಯವನ್ನೇ ಯಾರದೋ ಕೆಂಪು ಪೆನ್ನಿಗೆ ಕೊಟ್ಟುಬಿಟ್ಟೆನಲ್ಲ ಎನ್ನಿಸಿತು. ಅರ್ಧ ಊಟಕ್ಕೇ ಎದ್ದು ನಿಂತು ಆ ವಾಕ್ಯವನ್ನು ಒಂದಕ್ಷರ ಬಿಡದೆ ಗಟ್ಟಿಯಾಗಿ ಹೇಳಿದೆ. ಬಡಿಸುತ್ತಿದ್ದವರು ಸೌಟು ಹಿಡಿದು ಹಾಗೇ ನಿಂತರು.

ದೊಡ್ಡಪ್ಪ ನಕ್ಕ. "ಕತೆನಾಗೆ ಹಂಗೇನೂ ಇಲ್ವಲ್ಲವ್ವ."

ಅಪ್ಪ ಹೋದಾಗಿನಿಂದ ಅವನೆದುರು ತಲೆ ಎತ್ತಿ ಮಾತಾಡದ ಅಮ್ಮ ಎಲೆ ಬಿಟ್ಟು ಎದ್ದಳು.

"ಕತೆ ಬುಡಿ ಬಾವ" ಎಂದಳು. "ಅವ್ಳೀಗ ಹೇಳಿದ್ದು ದಿಟ. ನನ್ ತೋಟ ನಂಗೆ ಕೊಡಿ."