ಲುವೇನಾ ಬಿಟ್ಟುಕೊಡದ ಜೌಗುನೆಲ

ಲುವೇನಾ ಕ್ರೀಚ್ ಕೌಂಟಿ ಮಂಡಳಿಗೆ ಆರಿಸಿ ಬಂದದ್ದೇ ರಾಜಧಾನಿಯನ್ನು ಬೈದು. ಪೆಲ್ಹಮ್ ಕೊಲ್ಲಿಯ ದಂಡೆಯನ್ನು ಫ್ಲಾರಿಡಾ ಸರ್ಕಾರ ವಿಶೇಷ ರಕ್ಷಣೆಯ ಪ್ರದೇಶವೆಂದು ಸಾರಿತ್ತು. ಆಮೇಲೆ ಅಲ್ಲಿ ಏನು ಕಟ್ಟಬೇಕಾದರೂ ಮಂಡಳಿಯ ಒಪ್ಪಿಗೆಯೊಂದೇ ಸಾಲುತ್ತಿರಲಿಲ್ಲ. ರಾಜಧಾನಿ ತಲಹಾಸಿಯವರು ಅದನ್ನು ತಳ್ಳಿಹಾಕಬಹುದಿತ್ತು.

"ನಮ್ಮಜ್ಜನ್ನ ಹೂತಿರೋ ನೆಲದಲ್ಲಿ ಕೋಳಿಗೂಡು ಕಟ್ಟೋಕೂ ಅವರ ಅಪ್ಪಣೆ ಬೇಕಾ?" ಎಂದು ಅವಳು ದೋಣಿಕಟ್ಟೆಯ ಮೇಲೆ ನಿಂತು ಕೇಳಿದಾಗ, ಕೊಲ್ಲಿಯ ತಳದಿಂದ ತಿನ್ನುವ ಸಿಂಪಿ ಎತ್ತಿ ಮಾರಿ ಬದುಕುವವರೆಲ್ಲ ಸಿಳ್ಳೆ ಹೊಡೆದಿದ್ದರು. ಅವಳೂ ಅವರಲ್ಲೊಬ್ಬಳು. ಗಂಡ ಸತ್ತ ಮೇಲೆ ಅವನ ದೋಣಿಯನ್ನೂ ಸಿಂಪಿ ಎತ್ತುವ ಉದ್ದನೆಯ ಇಕ್ಕಳವನ್ನೂ ತಾನೇ ಹಿಡಿದವಳು.

ಮರುವರ್ಷ ಹೊರಗಿನ ಕಂಪನಿಯೊಂದು ಬಂತು. ಕೊಲ್ಲಿಯ ಮೂಡಣ ಜೌಗನ್ನು ಅಗೆದು ವಿಹಾರದ ದೋಣಿಗಳಿಗೆ ನಿಲ್ದಾಣ ಮಾಡುವುದು, ಸುತ್ತಲೂ ರಜೆಯ ಮನೆಗಳನ್ನು ಕಟ್ಟುವುದು ಅವರ ಯೋಜನೆ. ಜೌಗಿಗೆ ಅಂಟಿಕೊಂಡ ಜಮೀನು ಲುವೇನಾಳ ತಮ್ಮ ಹೋಯ್ಟ್‌ನದು. ಮಾರುತ್ತೇನೆಂದು ಅವನು ಆಗಲೇ ಮಾತು ಕೊಟ್ಟಿದ್ದ.

"ಅಕ್ಕ, ನಿನ್ನ ವೋಟು ಹೆಂಗೂ ನಮ್ಮ ಕಡೆ ತಾನೆ?" ಎಂದ, ಅವಳ ಅಡುಗೆಮನೆಯಲ್ಲಿ ಕರಿದ ಮೀನು ತಿನ್ನುತ್ತಾ.

"ಅಷ್ಟು ಮನೆಗಳ ಸಂಡಾಸಿನ ನೀರು ಎಲ್ಲಿಗೆ ಹೋಗುತ್ತೋ?"

"ಗುಂಡಿ ತೋಡ್ತಾರಂತೆ."

"ಮರಳಲ್ಲಿ ತೋಡಿದ ಗುಂಡಿ ಎಲ್ಲಿಗೆ ಸೋರುತ್ತೆ ಅಂತ ನಿಂಗೂ ಗೊತ್ತು. ಹೋದ ಚಳಿಗಾಲ ನೀರು ಕೆಟ್ಟು, ಸಿಂಪಿ ಎತ್ತಬಾರದು ಅಂತ ಕೊಲ್ಲಿ ಮುಚ್ಚಿದಾಗ ನೀನೂ ಕಟ್ಟೆ ಮೇಲೆ ಕೂತು ನೊಣ ಹೊಡೀತಿದ್ದೆ."

ಹೋಯ್ಟ್ ತಟ್ಟೆ ಸರಿಸಿ ಎದ್ದು ಹೋದ.

ಮಂಡಳಿಯಲ್ಲಿ ಉಳಿದವರೆಲ್ಲ ಕಂಪನಿಯ ಪರ ಕೈಯೆತ್ತಿದರು. ಲುವೇನಾ ಎತ್ತಲಿಲ್ಲ. ಅಷ್ಟಕ್ಕೇ ಸುಮ್ಮನಾಗದೆ ಎದ್ದು ನಿಂತು, "ಇದನ್ನ ತಲಹಾಸಿಗೆ ತಗೊಂಡು ಹೋಗ್ತೀನಿ" ಎಂದಳು.

ಅಧ್ಯಕ್ಷ ಬೇಸಿಲ್ ರಕರ್ ನಕ್ಕ. "ಲುವೇನಾ ಮೇಡಂ, ಅವರನ್ನ ಬೈದೇ ಅಲ್ವಾ ನೀವು ಈ ಕುರ್ಚಿ ಹಿಡಿದದ್ದು?"

"ಹೌದು. ಈಗ್ಲೂ ಬೈತೀನಿ. ಆದ್ರೆ ಸದ್ಯಕ್ಕೆ ಕೈಗೆ ಸಿಕ್ಕಿರೋ ದೊಣ್ಣೆ ಅವರದೊಂದೇ."

ಕಂಪನಿಯಿಂದ ಕೆಲಸ ಸಿಗುತ್ತೆ, ಜಮೀನಿಗೆ ಬೆಲೆ ಬರುತ್ತೆ ಎಂದು ಕಾದಿದ್ದ ಊರು ಅವಳ ಮೇಲೆ ತಿರುಗಿಬಿತ್ತು. ಅವಳ ಸಿಂಪಿಯನ್ನು ಕಟ್ಟೆಯ ವ್ಯಾಪಾರಿ ಕೊಳ್ಳಲಿಲ್ಲ. ಪಕ್ಕದ ಕೌಂಟಿಗೆ ಹೊತ್ತುಕೊಂಡು ಹೋಗಿ ಮಾರಿದಳು. ಯಾರೋ ಅವಳ ಟ್ರಕ್ಕಿನ ಟೈರು ಕೊಯ್ದರು. ಮರುದಿನ ಆ ಟೈರುಗಳನ್ನು ಬಿಚ್ಚಿ ಮನೆಮುಂದೆ ಸಾಲಾಗಿ ನಿಲ್ಲಿಸಿ, ಒಂದೊಂದರಲ್ಲೂ ಟೊಮೇಟೊ ಸಸಿ ನೆಟ್ಟಳು. ಇಗರ್ಜಿಯಲ್ಲಿ ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಅವಳು ನಡುಮಧ್ಯೆ ಕೂತು, ಎರಡು ಬೆಂಚಿನವರಿಗಾಗುವಷ್ಟು ಗಟ್ಟಿಯಾಗಿ ಹಾಡುತ್ತಿದ್ದಳು.

ತಲಹಾಸಿಯ ವಿಚಾರಣೆಯಲ್ಲಿ ಕಂಪನಿಯ ವಕೀಲ ಹಳೆಯ ಪತ್ರಿಕೆಯಿಂದ ಅವಳ ಚುನಾವಣಾ ಭಾಷಣವನ್ನೇ ಓದಿದ. "ಸುಳ್ಳು ಹೇಳಿದ್ದು ಆಗಲೋ, ಈಗಲೋ, ಮೇಡಂ?" ಎಂದು ಕೇಳಿದ.

"ಎರಡು ಸಲವೂ ನಿಜವೇ. ಈ ಕಾನೂನು ನಂಗೆ ಇಷ್ಟ ಇಲ್ಲ. ಹಲ್ಲು ಕೀಳೋ ಡಾಕ್ಟ್ರೂ ಇಷ್ಟ ಇಲ್ಲ. ನೋವು ಬಂದಾಗ ನೀವು ಎಲ್ಲಿಗೆ ಹೋಗ್ತೀರಿ, ಸ್ವಾಮಿ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಕೀಲ ಪತ್ರಿಕೆ ಮಡಿಚಿ ಕೂತ.

ಚಳಿಗಾಲ ಮುಗಿಯುವ ಹೊತ್ತಿಗೆ ತೀರ್ಪು ಬಂತು. ಮಂಡಳಿಯ ಒಪ್ಪಿಗೆ ರದ್ದಾಯಿತು. ಜೌಗನ್ನು ಯಾರೂ ಮುಟ್ಟುವಂತಿಲ್ಲ. ಕಂಪನಿ ಗಂಟುಮೂಟೆ ಕಟ್ಟಿತು. ಮುಂದಿನ ಚುನಾವಣೆಯಲ್ಲಿ ಜನ ಲುವೇನಾಳನ್ನು ಹೀನಾಯವಾಗಿ ಸೋಲಿಸಿದರು. ಹೊಸ ಮಂಡಳಿ, ಕೊಲ್ಲಿಯ ರಕ್ಷಣೆಯನ್ನೇ ತೆಗೆದುಹಾಕಿರೆಂದು ಸರ್ಕಾರವನ್ನು ಕೇಳಲು ಹೊರಟಿತು. ಅವಳು ಪ್ರತಿ ಸಭೆಗೂ ಹೋಗಿ ಸಾರ್ವಜನಿಕರ ಮೈಕಿನ ಮುಂದೆ ನಿಂತಳು. ಸಮಯ ಮುಗಿಯಿತೆಂದು ಗಂಟೆ ಬಾರಿಸಿ ಕೂರಿಸಿದರೆ ಮುಂದಿನ ಸಭೆಯಲ್ಲಿ ಬಿಟ್ಟ ವಾಕ್ಯದಿಂದಲೇ ಶುರುಮಾಡುತ್ತಿದ್ದಳು. ಬರಬರುತ್ತಾ ಅವಳ ಹಿಂದೆ ಕೆಲವು ಸಿಂಪಿಯವರೂ ಬಂದು ನಿಂತರು, ಟೊಪ್ಪಿಗೆ ಕೈಯಲ್ಲಿ ಹಿಡಿದು. ಕೊನೆಗೆ ಮಂಡಳಿ ಆ ವಿಷಯವನ್ನು ಕೈಬಿಟ್ಟಿತು.

ಹೋಯ್ಟ್ ಮಾತ್ರ ಅವಳೊಂದಿಗೆ ಮಾತು ಬಿಟ್ಟಿದ್ದ. ಒಂದು ಮಧ್ಯಾಹ್ನ ಗಾಳಿ ತೆಂಕಣಕ್ಕೆ ತಿರುಗಿದಾಗ ಅವನ ದೋಣಿ ಎಂಜಿನ್ ಕೆಟ್ಟು, ಕೊಲ್ಲಿಯ ಬಾಯಿಯತ್ತ ಕೊಚ್ಚಿಹೋಗುತ್ತಿತ್ತು. ಲುವೇನಾ ತನ್ನ ದೋಣಿಯನ್ನು ಪಕ್ಕಕ್ಕೆ ತಂದಳು.

"ನಾನೇನೂ ನಿನ್ನ ಕ್ಷಮಿಸಿಲ್ಲ" ಎಂದ ಅವನು.

"ನಿನ್ನ ಕ್ಷಮೆ ಯಾರಿಗೆ ಬೇಕಿತ್ತು? ಹಗ್ಗ ಎಸಿ."

ಅವನು ಎಸೆದ. ಅವಳು ಹಗ್ಗ ಬಿಗಿದು, ದೋಣಿಯನ್ನು ಕಟ್ಟೆಯತ್ತ ತಿರುಗಿಸಿದಳು.