ಮೇಲಿನ ಮನೆಯವರು ತೆಗೆದ ತಡೆ

ಮೇಲಿನ ಮನೆಯವರಿಗೆ ಎರಡು ಹುಬ್ಬೂ ಕೂಡಿ ಒಂದೇ ಆಗಿತ್ತು. ಸಿಟ್ಟು ಬಂದರೆ ಅದು ಕಂಬಳಿಹುಳದ ಹಾಗೆ ಮೂಗಿನ ಮೇಲೆ ಇಳಿಯುತ್ತಿತ್ತು. ಸಿಟ್ಟಿಲ್ಲದ ದಿನ ನಾನು ನೋಡಿದ್ದೇ ಇಲ್ಲ. ಧಾರವಾಡದ ಕಡೆಯವರು, ಇಲ್ಲಿ ಗುಜರಾತಿನಲ್ಲಿ ಪಾಂಡೇಸರಾದ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದು ನಿವೃತ್ತರಾಗಿದ್ದರು. ಕೆಳಗೆ ನಮ್ಮ ಹೋಟೆಲು. ನಮ್ಮ ಗ್ರೈಂಡರ್, ಒಗ್ಗರಣೆ ಘಾಟು, ನನ್ನ ಕೆಮ್ಮು, ಎಲ್ಲದಕ್ಕೂ ದೂರು. "ಉಡುಪಿ ಮಂದಿ ಇಡ್ಲಿ ಮಾಡ್ತೀರೋ, ಲಡಾಯಿ ಮಾಡ್ತೀರೋ?" ಎನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ.

ನನ್ನ ಮಗಳು ಗುಜರಾತಿ ಹುಡುಗನನ್ನು ಮದುವೆಯಾಗಿ ವಡೋದರಾಕ್ಕೆ ಹೋದಳು. ಹೋಟೆಲು ನಡೆಸುವ ಮಗ, "ಇಲ್ಲಿಗೆ ಬಂದ್ರೆ ಕಾಲು ಮುರೀತೇನೆ" ಎಂದು ಅವಳಿಗೆ ಹೇಳಿ, ನನ್ನ ಫೋನನ್ನೂ ಕಿತ್ತುಕೊಂಡ. ಮಿಲ್ಲುಗಳ ಊಟದ ಆರ್ಡರ್ ಬರುವ ಹೋಟೆಲಿನ ಮೇಲ್ ವಿಳಾಸ ಅವಳಿಗೆ ಗೊತ್ತಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಅಲ್ಲಿನ ಕಂಪ್ಯೂಟರಿನಲ್ಲಿ ದಿನಾ ಅದನ್ನೇ ನೋಡುತ್ತಿದ್ದೆ; ಬರೆದು ಕಳಿಸುವುದು ನನಗೆ ಬಾರದು. ಅವಳಿಂದ ಒಂದಕ್ಷರವೂ ಬರಲಿಲ್ಲ. ತಾಯಿಯನ್ನೂ ಬಿಟ್ಟಳು ಎಂದುಕೊಂಡೆ.

ಒಂದು ಮಧ್ಯಾಹ್ನ ಮಗ ಪೇಟೆಗೆ ಹೋದಾಗ ಮೇಲಿನ ಮನೆಯವರು ದಡದಡ ಇಳಿದು ಬಂದರು.

"ಏನ್ರೀ ಅಮ್ಮಾರ, ನಾ ದೂರು ಬರದ್ರ ನಿಮ್ಮ ಮೇಲ್ ವಾಪಸ್ ಒಗೀತೈತಿ!"

"ಒಳ್ಳೇದೇ ಆಯ್ತು."

"ಆ ಕಡೆ ಸರೀರಿ."

ನನ್ನ ಕುರ್ಚಿಯಲ್ಲೇ ಕೂತರು. ತಮ್ಮ ಫೋನಿನಲ್ಲಿ ತಮ್ಮ ಹೆಸರಿನಿಂದ ಕಳಿಸಿದ ಮೇಲ್ ತಿರುಗಿ ಹೋಯಿತು. ಹೆಂಡತಿಯ ಹೆಸರಿನಿಂದ ಕಳಿಸಿದ್ದು ಬಂತು. "ಸರ್ವರ್ ಕೆಟ್ಟಿಲ್ಲ. ನನ್ನ ಹೆಸರಿಗೇ ಯಾರೋ ತಡೆಯೋ ರೂಲ್ ಹಾಕ್ಯಾರ" ಎಂದು, ಮಗ ತೆರೆದೇ ಬಿಟ್ಟು ಹೋಗಿದ್ದ ಸೆಟ್ಟಿಂಗಿಗೆ ನುಗ್ಗಿದರು. ತಡೆದಿದ್ದ ವಿಳಾಸ ಎರಡು. ಒಂದು ಅವರದು. ಇನ್ನೊಂದನ್ನು ಗಟ್ಟಿಯಾಗಿ ಓದಿದರು. ನನ್ನ ಮಗಳ ಹೆಸರು!

"ಇದನ್ನೂ ತೆಗೀಲೇನು? ನಿಮ್ಮ ಮಗ ನನ್ನ ಕೊಲ್ತಾನ."

"ತೆಗೀರಿ ಮಾರಾಯ್ರೇ. ಕೊಂದ್ರೆ ಕೊಲ್ಲಲಿ."

ತೆಗೆದರು. "ಹಿಂದಿನವು ಬರಂಗಿಲ್ಲ, ಆಕಿಗೇ ತಿರುಗಿ ಹೋಗ್ಯಾವ. ಈಗ ನೀವೇ ಬರೀರಿ." ನಾನು ಹೇಳಿದೆ, ಅವರು ಒತ್ತಿದರು: "ತಡೆದದ್ದು ನಾನಲ್ಲ ಮಗಾ. ಬಾ."

ಚಹಾ ಆರುವುದರೊಳಗೆ ಉತ್ತರ ಬಂತು. ಫೋಟೋ ತೆರೆದರೆ ತೊಟ್ಟಿಲಲ್ಲಿ ಹೆಣ್ಣುಕೂಸು! ನಾನು ಅಜ್ಜಿಯಾಗಿ ತಿಂಗಳುಗಳೇ ಕಳೆದಿದ್ದವು! ನಕ್ಕೆ, ಅತ್ತೆ, ಅವರ ಕೈ ಹಿಡಿಯಹೋದೆ. ಕೊಡವಿದರು. "ನಿಮ್ಮ ಸಲುವಾಗಿ ಮಾಡಿಲ್ಲ. ಮೊದ್ಲ ನನ್ನ ದೂರು ಓದ್ರಿ."

ಮರುವಾರ ಮಗಳು ಕೂಸನ್ನೆತ್ತಿಕೊಂಡು ಬಂದಳು. ಮಗ ಬಾಗಿಲಲ್ಲೇ ತಡೆದ. ಮೆಟ್ಟಿಲ ಮೇಲಿಂದ ಅವರು ಗದರಿದರು: "ಬಿಸಿಲಾಗ ಕೂಸು ಹಿಡ್ಕೊಂಡು ಯಾಕ ನಿಂತೀ? ಮ್ಯಾಲೆ ಬಾ!" ನನ್ನ ಮೊಮ್ಮಗಳನ್ನು ನಾನು ಮೊದಲು ಎತ್ತಿಕೊಂಡದ್ದು ಅವರ ಮನೆಯಲ್ಲಿ. ಎಂಥ ಮೆತ್ತನೆ ಕಾಲು ಅವಳದು, ಹೇಳಿ ಮುಗಿಯದು! ಕೂಸು ಕಿರುಚಿದ್ದಕ್ಕೂ ಅವರು ಬೈದರು.

ಈ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವತ್ತೊಂದು ದಿನವೂ ಮಗ ಹೋಟೆಲು ಮುಚ್ಚಲೊಲ್ಲ. ತಿನ್ನುತ್ತಿದ್ದವರನ್ನು ಎಬ್ಬಿಸಿ, ನಾನೇ ಶಟರ್ ಎಳೆದು, ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಅವರ ಮನೆಗೆ ಹೋದೆ.