ಸರಳಕ್ಕನ ಸರದಿ

ಬೆಳಗಿನ ಐದೂವರೆ. ಆಸ್ಪತ್ರೆ ಗೇಟಿನ ಮುಂದಿನ ಮರದ ಕೆಳಗೆ ಮಹಿಳೆಯೊಬ್ಬರು ಕತ್ತೆತ್ತಿ ನಿಂತಿದ್ದಾರೆ. ಕೈಯಲ್ಲಿ ಎದೆಯುದ್ದದ ಕಬ್ಬಿಣದ ಸರಳು. ಮೇಲೆ ಎಲೆಗಳು ಜೋತುಬಿದ್ದಿವೆ. ಅವರ ಮುಖ ಸಣ್ಣದಾಗುತ್ತದೆ.

"ಮಧ್ಯಾಹ್ನ ಬಾಡಿದ್ರೆ ಅದು ಬಿಸಿಲಿನ ಸುಸ್ತು, ರಾತ್ರಿ ಸುಧಾರಿಸ್ಕೊಳ್ಳುತ್ತೆ. ಬೆಳಗ್ಗೆನೂ ಹೀಗೇ ಇದ್ರೆ ಕಾಯಿಲೆ," ಎನ್ನುತ್ತಾರೆ. ಅದನ್ನು ನೋಡಲೆಂದೇ ಅವರು ಸೂರ್ಯನಿಗಿಂತ ಮೊದಲು ಬರುವುದು.

ಈ ಬೀದಿಗಳಲ್ಲಿ ಅವರು ಸರಳಕ್ಕ. ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಸ್ವಭಾವವಂತೂ ಮೊದಲೇ ಅಲ್ಲ. ಎಲ್ಲ ಆ ಸರಳಿನ ಕೃಪೆ. ಕೊಂಬೆಗಳು ಚಾಚಿದ ಅಂಚಿನಲ್ಲಿ ಅದನ್ನು ಮಣ್ಣಿಗೆ ಚುಚ್ಚಿ, ಎಳೆದು, ತುದಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರೆ. ತಣ್ಣಗಿದ್ದು ಮಣ್ಣು ಮೆತ್ತಿಕೊಂಡಿದ್ದರೆ ಮರ ಕಾಯಬಲ್ಲದು. ಒಣಗಿ ಬೆಚ್ಚಗೆ ಬಂದರೆ ಕಾಯಲಾರದು.

ಬೇಸಿಗೆಯಲ್ಲಿ ಬೀದಿ ಮರಗಳಿಗೆ ನೀರುಣಿಸುವುದು ಅವರ ಕೆಲಸ, ಪಾಲಿಗೆ ಬಂದಿರುವುದು ಎಪ್ಪತ್ತು ಮರ. ಗಂಡ ಓಡಿಸುವ ಟ್ಯಾಂಕರಿನಲ್ಲಿ ನಾಲ್ಕು ಸಾವಿರ ಲೀಟರ್ ನೀರು, ಮರವೊಂದಕ್ಕೆ ನಾನೂರು. ದಿನಕ್ಕೆ ಹತ್ತು ಮರದಂತೆ ವಾರಕ್ಕೊಮ್ಮೆ ಸರದಿ ಬರುತ್ತಿತ್ತು. ಬಿಸಿಲು ನಲವತ್ತಮೂರು ಡಿಗ್ರಿ ದಾಟಿದ ಮೇಲೆ ಟ್ಯಾಂಕರಿಗೆ ನೀರು ಸಿಗುವುದೇ ದಿನ ಬಿಟ್ಟು ದಿನ. ಸರದಿ ಈಗ ಹದಿನಾಲ್ಕು ದಿನಕ್ಕೊಮ್ಮೆ.

ಇದ್ದುದನ್ನೇ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಹಂಚಬಾರದೇ ಎಂದು ಕೇಳಿ, ಅವರ ಬಗ್ಗೆ ಬರೆಯಲು ಜೊತೆಗೆ ಹೊರಟಿದ್ದ ನಾನು ಬೈಸಿಕೊಂಡೆ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ ಸರಳಕ್ಕ ಮಾಡಿದ್ದೂ ಅದನ್ನೇ. ಶಾಲೆಯ ಬಳಿಯ ಎಳೆ ಮರವೊಂದಕ್ಕೆ ಮುದ್ದಿನಿಂದ ದಿನಾ ಒಂದು ಕೊಡ ನೀರು ಹಾಕಿದರು. ಬೇರು ಆಳಕ್ಕಿಳಿಯುವ ಗೋಜಿಗೇ ಹೋಗದೆ ಮೇಲೆಯೇ ಹರಡಿಕೊಂಡಿತು. ಆಮೇಲೆ ಇವರು ಜ್ವರ ಬಂದು ಒಂಬತ್ತು ದಿನ ಮಲಗಿದರು. ಎದ್ದು ಬರುವಷ್ಟರಲ್ಲಿ ಮರ ಸೌದೆಯಾಗಿತ್ತು.

"ಗುಟುಕು ಗುಟುಕು ಹಾಕಿ ನಾನೇ ಕೊಂದೆ ಅದನ್ನ."

ಅಂದಿನಿಂದ ಒಂದೇ ಕಟ್ಟಳೆ. ಕೊಟ್ಟರೆ ಹೊಟ್ಟೆ ತುಂಬ, ಇಲ್ಲದಿದ್ದರೆ ಇಲ್ಲ. ಮರಕ್ಕೆ ಚೊಂಬು ನೀರು ಹಾಕಲು ಬಂದ ಪುಣ್ಯಾತ್ಮರು ಇವರ ಬಾಯಿಗೆ ಸಿಕ್ಕರೆ ಮುಗಿಯಿತು, ಮಾರನೆಯ ದಿನ ಬೇರೆ ದಾರಿ ಹಿಡಿಯುತ್ತಾರೆ.

ಆಸ್ಪತ್ರೆ ಮರದ ಕೆಳಗಿನಿಂದ ಸರಳು ಬಿಸಿ ಧೂಳು ಹೊತ್ತು ಬರುತ್ತದೆ. ಅದರ ಸರದಿಗೆ ಇನ್ನೂ ಆರು ದಿನವಿದೆ. ಹೊತ್ತೇರಿದರೆ ಚೀಟಿ ಹಿಡಿದು ಕಾಯುವ ರೋಗಿಗಳಿಗೆ ಇದರ ನೆರಳು ಬಿಟ್ಟು ಬೇರೆ ಗತಿಯಿಲ್ಲ. ಇವತ್ತೇ ಕೊಡಬೇಕು ಎನ್ನುತ್ತಾರೆ ಸರಳಕ್ಕ. ಯಾರ ಪಾಲನ್ನು ಕಿತ್ತು ಎಂದು ಗಂಡ ಕೇಳುತ್ತಾರೆ. ಇವತ್ತಿನ ಹತ್ತು ಮರಗಳನ್ನು ಸರಳಕ್ಕ ಬೆರಳಲ್ಲಿ ಎಣಿಸುತ್ತಾರೆ, ಕೊನೆಯ ಬೆರಳಿಗೆ ಬಂದು ನಿಲ್ಲುತ್ತಾರೆ.

"ನಮ್ಮನೆ ಮುಂದಿನ ಮರದ್ದು ಕೊಡಿ."

"ಅಮ್ಮ?" ಎಂದಷ್ಟೇ ಗಂಡ ಕೇಳುತ್ತಾರೆ. ಸರಳಕ್ಕ ಪೈಪು ಎಳೆಯುತ್ತಾರೆ.

ಆ ಪ್ರಶ್ನೆ ನನಗೆ ಅರ್ಥವಾಗುವುದು ಹನ್ನೊಂದು ಗಂಟೆಗೆ, ಅವರ ಮನೆ ತಲುಪಿದಾಗ. ತಗಡಿನ ಮಾಡಿನ ಒಂದೇ ಕೋಣೆ, ಕಾದ ಬಾಣಲೆಯಂತಿದೆ. ಎಂಬತ್ತು ದಾಟಿದ ಅತ್ತೆ ಹಗಲೆಲ್ಲ ಬಾಗಿಲ ಮುಂದಿನ ಮರದ ಕೆಳಗೇ ಕುರ್ಚಿ ಹಾಕಿಕೊಂಡಿರುತ್ತಾರೆ. ಈ ಮರ ಹೋದರೆ ಅವರು ಎಲ್ಲಿ ಕೂರಬೇಕು ಎಂದು ನನಗೇ ದಿಗಿಲಾಗುತ್ತದೆ.

"ನಮ್ಮ ಸರದಿ ಇವತ್ತಲ್ವೇನಮ್ಮ?" ಎಂದು ಕೇಳುತ್ತಾರೆ ಅತ್ತೆ.

ಸರಳಕ್ಕ ಸರಳು ಚುಚ್ಚಿ, ಎಳೆದು, ಕೆನ್ನೆಗೆ ಒತ್ತಿಕೊಳ್ಳುತ್ತಾರೆ. "ತಣ್ಣಗಿದೆ ಅತ್ತೆ. ಇನ್ನಾರು ದಿನ ಏನೂ ಆಗಲ್ಲ."

ಸರಳಿನ ತುದಿಗೆ ಒಂದು ಕಾಳಷ್ಟು ಮಣ್ಣೂ ಅಂಟಿಲ್ಲ. ನಾನು ನೋಡಿದ್ದೇನೆಂದು ಅವರಿಗೂ ಗೊತ್ತು.

ಅತ್ತೆ ತಲೆಯಾಡಿಸುತ್ತಾರೆ. ಆಮೇಲೆ, ಕುಡಿದು ಉಳಿಸಿದ ಅರ್ಧ ಲೋಟ ನೀರನ್ನು ಮೆಲ್ಲಗೆ ಬುಡಕ್ಕೆ ಸುರಿಯುತ್ತಾರೆ. ಬೈಗುಳ ಬಿತ್ತು ಎಂದುಕೊಂಡು ತಿರುಗಿದರೆ, ಸರಳಕ್ಕ ಗೋಡೆ ನೋಡುತ್ತಾ ನಿಂತಿದ್ದಾರೆ.

"ಬರ್ಕೊಳ್ಳೋದಾದ್ರೆ, ನಾನು ನೋಡ್ಲಿಲ್ಲ ಅಂತ ಬರ್ಕೊಳ್ಳಿ," ಎನ್ನುತ್ತಾರೆ.